ವೇದಿಕೆಯ ಮೇಲಿನ ಹುಲಿ, ಹೊಲದೊಳಗಿನ ಚಿಗರಿ

ಕಳೆದ ವನ್ಯಜೀವಿ ಸಪ್ತಾಹದ ಸಂದರ್ಭದಲ್ಲಿ ನಾವು ಒಂದೇ ಭಾಷಣವನ್ನು ಮೂರು ಊರುಗಳಲ್ಲಿ ಕೇಳಿದೆವು. ಮೊದಲ ದಿನ ಹಾವೇರಿ, ಮರುದಿನ ರಾಣೆಬೆನ್ನೂರು, ಮೂರನೆಯ ದಿನ ಬ್ಯಾಡಗಿ. ಭಾಷಣಕಾರರು ದೊಡ್ಡ ಊರಿನಿಂದ ಬಂದ ಪ್ರಕೃತಿತಜ್ಞರು. ಇಲ್ಲಿ ಅವರ ಹೆಸರು ಬೇಕಿಲ್ಲ. ನಮ್ಮ ಜಗಳ ಆ ವ್ಯಕ್ತಿಯ ಜೊತೆಗಲ್ಲ, ಆ ಬಗೆಯ ವೇದಿಕೆಯ ಜೊತೆಗೆ.

ಮೊದಲು ಹೊಗಳುವುದನ್ನು ಹೊಗಳಿಬಿಡೋಣ. ಅವರು ಚೆನ್ನಾಗಿ ಮಾತಾಡಿದರು. ಪರದೆಯ ಮೇಲೆ ಮೂಡಿದ ಒಂದೊಂದು ಚಿತ್ರಕ್ಕೂ ಅವರ ಬಳಿ ಒಂದು ಕತೆಯಿತ್ತು. ಹುಲಿ ನೀರು ಕುಡಿಯುವುದು, ಆನೆಮರಿ ಕೆಸರಿನಲ್ಲಿ ಜಾರುವುದು, ಆಫ್ರಿಕದ ಬಯಲಿನಲ್ಲಿ ಚೀತಾ ಓಡುವುದು. ಶಾಲಾ ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ರಾಜಕೀಯ ಭಾಷಣ, ಪ್ರವಚನ, ಸನ್ಮಾನ ಬಿಟ್ಟರೆ ಬೇರೇನೂ ನಡೆಯದ ನಮ್ಮ ಸಭಾಭವನಗಳಲ್ಲಿ ಒಬ್ಬರು ಬಂದು ಎರಡು ತಾಸು ಪ್ರಾಣಿಪಕ್ಷಿಗಳ ಬಗ್ಗೆ ಮಾತಾಡುವುದೇ ಒಂದು ಭಾಗ್ಯ. ಬ್ಯಾಡಗಿಯಲ್ಲಿ ಮಾರುಕಟ್ಟೆಯ ಕಡೆಯಿಂದ ಬಂದ ಮೆಣಸಿನಕಾಯಿ ಘಾಟಿಗೆ ಅವರು ನಾಲ್ಕು ಸಲ ಕೆಮ್ಮಿದರೂ ಮಾತು ನಿಲ್ಲಿಸಲಿಲ್ಲ. ಅದಕ್ಕೂ ನಮ್ಮ ಮೆಚ್ಚುಗೆಯಿದೆ.

ಆದರೆ ಮೂರು ಊರುಗಳಲ್ಲಿ, ಒಟ್ಟು ಆರು ತಾಸುಗಳಲ್ಲಿ, ಹಾವೇರಿ ಜಿಲ್ಲೆಯ ಒಂದೇ ಒಂದು ಪ್ರಾಣಿಯ ಬಗ್ಗೆ ಅವರು ಹೇಳಿದ್ದು ಸುಮಾರು ಎರಡು ನಿಮಿಷ. ಆ ಎರಡು ನಿಮಿಷದಲ್ಲೂ ಒಂದು ತಪ್ಪಿತ್ತು, ಒಂದು ಹಗುರ ಮಾತಿತ್ತು. ಈ ಬರಹ ಆ ಎರಡು ನಿಮಿಷದ ಬಗ್ಗೆ.

ರಾಣೆಬೆನ್ನೂರಿನ ಸಭಾಭವನದಿಂದ ಬೈಕು ಹತ್ತಿದರೆ ಚಹಾ ಆರುವುದರೊಳಗೆ ಕೃಷ್ಣಮೃಗಗಳ ಅಭಯಾರಣ್ಯ ಸಿಗುತ್ತದೆ. 1974ರಲ್ಲಿ ಘೋಷಣೆಯಾದ ಈ ಅಭಯಾರಣ್ಯದ ವಿಸ್ತೀರ್ಣ 119 ಚದರ ಕಿಲೋಮೀಟರು. ನಮ್ಮ ಕಡೆ ಜನ ಇದನ್ನು ಕೃಷ್ಣಮೃಗ ಎನ್ನುವುದಿಲ್ಲ, ಚಿಗರಿ ಎನ್ನುತ್ತಾರೆ. 2018ರಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡಲು ಶುರುವಾದ ಹವಾನಿಯಂತ್ರಿತ ಬಸ್ಸುಗಳಿಗೆ ಇಟ್ಟ ಹೆಸರೂ ಚಿಗರಿಯೇ. ಬಸ್ಸಿಗೆ ಹೆಸರಾಗುವಷ್ಟು ಹತ್ತಿರದ ಈ ಪ್ರಾಣಿ ನಮ್ಮ ಭಾಷಣಕಾರರ ಚಿತ್ರಗಳಲ್ಲಿ ಒಂದೇ ಸಲ ಬಂತು. ಸಾವಿರಾರು ಚಿಗರಿಗಳಿರುವ ನಾಡಿಗೆ ಬಂದು ಆಫ್ರಿಕದ ಚೀತಾ ತೋರಿಸುವುದು ತಪ್ಪಲ್ಲ. ಆದರೆ ಒಂದು ಕಾಲದಲ್ಲಿ ಆ ಚೀತಾವನ್ನೇ ಪಳಗಿಸಿ ಚಿಗರಿಯ ಬೇಟೆಗೆ ಬಿಡುತ್ತಿದ್ದ ರಾಜರು ನಮ್ಮ ದೇಶದಲ್ಲೇ ಇದ್ದರು. ಆ ಚೀತಾ ಅಳಿದುಹೋಯಿತೆಂದು 1952ರಲ್ಲಿ ಸರಕಾರವೇ ಹೇಳಿತು. 2022ರಲ್ಲಿ ನಮೀಬಿಯಾದಿಂದ ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕೂನೋದಲ್ಲಿ ಬಿಟ್ಟರು. ಚೀತಾ ಅಳಿಯಿತು, ಅದರ ಬೇಟೆಯಾಗಿದ್ದ ಚಿಗರಿ ರಾಣೆಬೆನ್ನೂರಿನಲ್ಲಿ ಉಳಿಯಿತು. ಇದು ಹೇಗಾಯಿತು, ಯಾರು ಉಳಿಸಿದರು, ಉಳಿಸಿಕೊಂಡವರು ಏನು ಬೆಲೆ ತೆತ್ತರು ಎಂದು ಹೇಳಿದ್ದರೆ ಆ ಸಭೆಯ ಮಕ್ಕಳು ಮನೆಗೆ ಹೋಗಿ ಅಪ್ಪನ ಹೊಲವನ್ನೇ ಬೇರೆ ಕಣ್ಣಿನಿಂದ ನೋಡುತ್ತಿದ್ದರು.

ಈಗ ಆ ತಪ್ಪಿನ ವಿಷಯ.

ಮೂರೂ ಊರುಗಳಲ್ಲಿ ಕಾರ್ಯಕ್ರಮ ಉದ್ಘಾಟನೆಯಾದದ್ದು ಸಸಿಗೆ ನೀರೆರೆಯುವ ಮೂಲಕ. ಮುಗಿದದ್ದು ಅತಿಥಿಗಳಿಗೆ ಸಸಿ ಕೊಡುವ ಮೂಲಕ. ಭಾಷಣದ ಸಾರವೂ ಅದೇ: ಗಿಡ ನೆಡಿ, ಕಾಡು ಬೆಳೆಸಿ, ಪ್ರಾಣಿಗಳು ತಾವಾಗಿ ಬರುತ್ತವೆ. ಕೇಳಲು ಸೊಗಸಾಗಿದೆ. ಮಲೆನಾಡಿನಲ್ಲಿ ಇದು ನಿಜವೂ ಇರಬಹುದು. ಆದರೆ ಹಾವೇರಿ ಜಿಲ್ಲೆಯ ಬಯಲುಸೀಮೆಯಲ್ಲಿ ನಿಂತು ಈ ಮಾತನ್ನು ಹೇಳುವವರು ಈ ನೆಲದ ಚರಿತ್ರೆಯನ್ನು ಓದಿಲ್ಲವೆಂದೇ ಅರ್ಥ.

ಚಿಗರಿ ಕಾಡಿನ ಪ್ರಾಣಿಯಲ್ಲ, ಬಯಲಿನ ಪ್ರಾಣಿ. ಅದಕ್ಕೆ ಬೇಕಾದದ್ದು ಹುಲ್ಲು, ದೂರದವರೆಗೆ ಕಣ್ಣು ಹಾಯುವ ನೆಲ, ಓಡಲು ಜಾಗ. ಶತ್ರು ಬಂದರೆ ಅದು ಬಚ್ಚಿಟ್ಟುಕೊಳ್ಳುವುದಿಲ್ಲ, ಓಡುತ್ತದೆ. ಅದೇ ಬಯಲಿನಲ್ಲಿ ಇನ್ನೊಂದು ಜೀವಿಯಿತ್ತು. ಕನ್ನಡದಲ್ಲಿ ಅದನ್ನು ಎರೆಭೂತ ಎನ್ನುತ್ತಾರೆ, ಹೆಬ್ಬಕ ಎಂದೂ ಕರೆಯುತ್ತಾರೆ. ಎರೆ ಮಣ್ಣಿನ ಬಯಲಿನಲ್ಲಿ ಥಟ್ಟನೆ ಎದ್ದು ನಿಲ್ಲುವ, ಸುಮಾರು ಒಂದು ಮೀಟರ್ ಎತ್ತರದ, ಹಾರಬಲ್ಲ ಹಕ್ಕಿಗಳಲ್ಲಿ ಅತ್ಯಂತ ತೂಕದ ಹಕ್ಕಿಗಳಲ್ಲೊಂದು. ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ, ಅದೂ ಸಾಮಾನ್ಯವಾಗಿ ಒಂದೇ ಒಂದು. ಕರ್ನಾಟಕದಲ್ಲಿ ಎರೆಭೂತಕ್ಕೆ ಹೆಸರಾಗಿದ್ದ ಜಾಗಗಳಲ್ಲಿ ರಾಣೆಬೆನ್ನೂರು ಮುಖ್ಯವಾದದ್ದು. ಇವತ್ತು ಇಡೀ ದೇಶದಲ್ಲಿ ಉಳಿದಿರುವ ಎರೆಭೂತಗಳು ಇನ್ನೂರಕ್ಕಿಂತ ಕಡಿಮೆ. ಹೆಚ್ಚಿನವು ರಾಜಸ್ಥಾನದಲ್ಲಿವೆ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ರಾಣೆಬೆನ್ನೂರಿನಲ್ಲಿ ಅದು ಈಗ ಹಿರಿಯರ ನೆನಪು ಮಾತ್ರ.

ಯಾಕೆ ಹೀಗಾಯಿತು? ಬೇಟೆಯೂ ಕಾರಣ, ಬಯಲೆಲ್ಲ ಹೊಲವಾದದ್ದೂ ಕಾರಣ. ಆದರೆ ರಾಣೆಬೆನ್ನೂರಿನಲ್ಲಿ ಕಣ್ಣಿಗೆ ಹೊಡೆಯುವ ಕಾರಣ ಇನ್ನೊಂದಿದೆ. ಅಭಯಾರಣ್ಯದೊಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಚಿಗರಿಯಲ್ಲ, ಎರೆಭೂತವಂತೂ ಅಲ್ಲ. ಕಾಣುವುದು ನೀಲಗಿರಿ. ಸಾಲು ಸಾಲು ನೀಲಗಿರಿ. ಹುಲ್ಲುಗಾವಲನ್ನು 'ಬೀಳು ಭೂಮಿ' ಎಂದು ಕರೆದು, ಅದನ್ನು 'ಹಸಿರು' ಮಾಡುವ ಹುಮ್ಮಸ್ಸಿನಲ್ಲಿ ನೆಟ್ಟ ಮರಗಳವು. ಎರೆಭೂತಕ್ಕೆ ಮರಗಳ ನಡುವೆ ಬದುಕು ಸಾಧ್ಯವಿಲ್ಲ. ನೀಲಗಿರಿಯ ಕೆಳಗೆ ಹುಲ್ಲು ಸರಿಯಾಗಿ ಏಳುವುದಿಲ್ಲ. ಬಯಲಿನ ಹಕ್ಕಿ ಹೋಯಿತು. ಬಯಲಿನ ಚಿಗರಿ ಹುಲ್ಲು ಹುಡುಕಿಕೊಂಡು ಸುತ್ತಲಿನ ಹೊಲಗಳಿಗೆ ಬಂತು.

ಅಂದರೆ ನಮ್ಮ ಜಿಲ್ಲೆಯಲ್ಲಿ ಒಂದು ಅಪರೂಪದ ಹಕ್ಕಿ ನೆಲೆ ಕಳೆದುಕೊಂಡದ್ದಕ್ಕೆ ಕೊಡಲಿಯಷ್ಟೇ ಸಸಿಯೂ ಹೊಣೆ. ಇದನ್ನು ಹೇಳಬೇಕಾದ ಪ್ರಕೃತಿತಜ್ಞರು ವೇದಿಕೆಯ ಮೇಲೆ ಸಸಿ ಹಿಡಿದು ಫೋಟೋಕ್ಕೆ ನಿಂತಿದ್ದರು.

ಇದು ನಮ್ಮ ಸ್ವಂತ ಸಂಶೋಧನೆಯೇನಲ್ಲ. ಈ ಜಿಲ್ಲೆಯ ರೈತರು ಇದನ್ನು ಮೂರೂವರೆ ದಶಕಗಳ ಹಿಂದೆಯೇ ಹೇಳಿದ್ದರು. ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಶುರುವಾಯಿತು. ಅದಕ್ಕೆ ಬೇಕಾದದ್ದು ನೀಲಗಿರಿಯ ತಿರುಳು. 1984ರಲ್ಲಿ ಸರಕಾರ ಮತ್ತು ಆ ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಕಟ್ಟಿದವು. ಧಾರವಾಡ, ಶಿವಮೊಗ್ಗ ಮುಂತಾದ ಜಿಲ್ಲೆಗಳ ಸುಮಾರು 30,000 ಹೆಕ್ಟೇರು ಸಾಮೂಹಿಕ ಭೂಮಿಯನ್ನು, ಅಂದರೆ ಊರಿನ ದನ, ಕುರಿ, ಆಡು ಮೇಯುವ ಭೂಮಿಯನ್ನು, ನೀಲಗಿರಿ ಬೆಳೆಯಲು ಅದರ ಕೈಗೆ ಕೊಡುವ ಯೋಜನೆಯಾಯಿತು. 1986ರಲ್ಲಿ ಶಿವರಾಮ ಕಾರಂತರು ಮತ್ತು ಇತರರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ ತಾಲೂಕಿನ ಕುಸನೂರಿನಲ್ಲಿ, ಸಮಾಜ ಪರಿವರ್ತನ ಸಮುದಾಯದ ಮುಂದಾಳುತನದಲ್ಲಿ ಹಳ್ಳಿಯ ಜನ ಕಂಪನಿಯ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಚಳವಳಿಯ ಹೆಸರೇ 'ಕಿತ್ತಿಕೋ ಹಚ್ಚಿಕೋ'. 1991ರಲ್ಲಿ ಆ ಜಂಟಿ ಸಂಸ್ಥೆ ಬಾಗಿಲು ಹಾಕಿತು. 2017ರಲ್ಲಿ ರಾಜ್ಯ ಸರಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು.

ಸಸಿ ಕೀಳುವುದೂ ಪರಿಸರದ ಕೆಲಸವಾಗಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟ ನೆಲ ಇದು. ಎಲ್ಲಿ, ಯಾವ ಸಸಿ, ಯಾರ ಭೂಮಿಯಲ್ಲಿ, ಯಾರಿಗಾಗಿ ಎಂದು ಕೇಳಿದ ನೆಲ. ಇಂಥ ನೆಲಕ್ಕೆ ಬಂದು 'ಗಿಡ ನೆಡಿ' ಎಂದು ಮಕ್ಕಳಿಗೆ ಬುದ್ಧಿ ಹೇಳಿ ಹೋದರೆ, ಕುಸನೂರಿನವರು ಮಾಡಿದ್ದಕ್ಕೆ ಏನು ಬೆಲೆ ಬಂತು?

ಇನ್ನು ಬ್ಯಾಡಗಿಯಲ್ಲಿ ನಡೆದದ್ದು. ಭಾಷಣದ ನಂತರ ಪ್ರಶ್ನೋತ್ತರ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ರೈತ ಎದ್ದು ನಿಂತ. "ಸಾಹೇಬ್ರ, ನಸುಕಿನ್ಯಾಗ ಚಿಗರಿ ಹಿಂಡು ಬಂದು ಹೆಸರು, ಶೇಂಗಾ ಎಲ್ಲಾ ಮೇದು ಹೊಕ್ಕಾವ್ರಿ. ಹೊಡ್ಯಾಂಗಿಲ್ಲ, ಬಡ್ಯಾಂಗಿಲ್ಲ. ಇದಕ್ಕೇನರ ಉಪಾಯ ಹೇಳ್ರಿ" ಎಂದ. ಭಾಷಣಕಾರರು ಮುಗುಳ್ನಕ್ಕು ಹೇಳಿದರು: ಪ್ರಾಣಿಗಳು ನಿಮ್ಮ ಹೊಲಕ್ಕೆ ಬಂದಿಲ್ಲ, ನೀವು ಪ್ರಾಣಿಗಳ ಜಾಗಕ್ಕೆ ಹೋಗಿದ್ದೀರಿ. ಸಭೆ ಚಪ್ಪಾಳೆ ತಟ್ಟಿತು. ರೈತ ಕೂತುಬಿಟ್ಟ.

ಆ ಚಪ್ಪಾಳೆ ನಮ್ಮನ್ನು ಇವತ್ತಿಗೂ ಚುಚ್ಚುತ್ತಿದೆ. ಆ ರೈತ ಪ್ರಾಣಿಗಳ ಜಾಗಕ್ಕೆ ಹೋದವನಲ್ಲ. ಅವನ ಅಜ್ಜ, ಮುತ್ತಜ್ಜ ಉತ್ತ ಹೊಲ ಅದು. ಅಜ್ಜನ ಕಾಲದಲ್ಲೂ ಚಿಗರಿ ಇತ್ತು, ಹೊಲದ ಆಚೆ ಹುಲ್ಲೂ ಇತ್ತು. ಚಿಗರಿಯ ಜಾಗಕ್ಕೆ ಹೋದದ್ದು ನೀಲಗಿರಿ. ಅದನ್ನು ನೆಡಿಸಿದ್ದು ಪ್ರಭುತ್ವ, ಅದರಿಂದ ಲಾಭ ತೆಗೆದದ್ದು ಕಾರ್ಖಾನೆ. ಆದರೆ ಕಟಕಟೆಯಲ್ಲಿ ನಿಂತದ್ದು ಮಾತ್ರ ರೈತ. ಮುಂಗಾರಿನಲ್ಲಿ ಮೊಳಕೆಯೊಡೆದ ಹೆಸರಿನ ಚಿಗುರು, ಗೋವಿನಜೋಳದ ಎಳೆಗರಿ ಒಂದು ರಾತ್ರಿಯಲ್ಲಿ ಹೋದರೆ ಮತ್ತೆ ಬಿತ್ತಬೇಕು. ಬೀಜಕ್ಕೆ ದುಡ್ಡು, ಗೊಬ್ಬರಕ್ಕೆ ಸಾಲು. ಗೊಬ್ಬರ ಕೇಳಿದ್ದಕ್ಕೆ 2008ರ ಜೂನ್‌ನಲ್ಲಿ ಇದೇ ಹಾವೇರಿಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ರೈತರು ಬಲಿಯಾದದ್ದನ್ನು ನಾವು ಮರೆತಿಲ್ಲ. ಬೆಳೆದ ಮೇಲಾದರೂ ನೆಮ್ಮದಿಯೇ? ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರ ಕೆಂಪು ಬಣ್ಣ ದೇಶವಿದೇಶಗಳಿಗೆ ಹೋಗುತ್ತದೆ. ಆದರೆ 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಅದೇ ಮಾರುಕಟ್ಟೆಯಲ್ಲಿ ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿ ಹಚ್ಚಿದರು. ಹಿಂಸೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಇಂಥ ಬದುಕಿನ ಅಂಚಿನಲ್ಲಿ ನಿಂತವನು ಚಿಗರಿಯ ಬಗ್ಗೆ ಒಂದು ಪ್ರಶ್ನೆ ಕೇಳಿದಾಗ, ಉತ್ತರವಾಗಿ ಗಾದೆಮಾತು ಎಸೆಯುವುದು ವಿಜ್ಞಾನವಲ್ಲ, ಯಜಮಾನಿಕೆ.

ಇದೇ ರೈತ ಇಷ್ಟೆಲ್ಲ ನಷ್ಟವಾದರೂ ಚಿಗರಿಯನ್ನು ಕೊಂದಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ಕೊಂದಿದ್ದರೆ ರಾಣೆಬೆನ್ನೂರಿನಲ್ಲಿ ಸಾವಿರಾರು ಚಿಗರಿ ಹೇಗೆ ಉಳಿಯುತ್ತಿದ್ದವು? ಕಾನೂನಿನ ಭಯವೂ ಇದ್ದೀತು. ಆದರೆ ಭಯವೊಂದೇ ಇಷ್ಟು ದೊಡ್ಡ ಹಿಂಡನ್ನು ಕಾಯಲಾರದು. ಬೈಯುತ್ತಲೇ ಸಹಿಸಿಕೊಂಡ ಜನರ ಔದಾರ್ಯ ಅದನ್ನು ಕಾದಿದೆ. ಅಂದು ಚಪ್ಪಾಳೆ ಸಲ್ಲಬೇಕಾಗಿದ್ದದ್ದು ಹಿಂದಿನ ಸಾಲಿಗೆ.

ಈಗ ಆ ಹಗುರ ಮಾತು. ಇದನ್ನು ಬರೆಯಬೇಕೇ ಬೇಡವೇ ಎಂದು ನಮ್ಮೊಳಗೆ ಚರ್ಚೆಯಾಯಿತು. ಬರೆಯದಿದ್ದರೆ ಅದು ನಮ್ಮ ಹೇಡಿತನವಾಗುತ್ತದೆ.

ಹಾವೇರಿಯಲ್ಲಿ ಚಿಗರಿಯ ಚಿತ್ರ ಪರದೆಯ ಮೇಲೆ ಬಂದಾಗ ಭಾಷಣಕಾರರು, "ಇದನ್ನು ಕಂಡರೆ ಕೆಲವರಿಗೆ ಬಾಯಲ್ಲಿ ನೀರೂರುತ್ತದೆ, ಸಲ್ಮಾನ್ ಖಾನ್‌ರನ್ನು ಕೇಳಿ" ಎಂದರು. ಸಭೆ ನಕ್ಕಿತು. ಮುಂದಿನ ಸಾಲಿನ ನಾಲ್ಕಾರು ತಲೆಗಳು ಹಿಂತಿರುಗಿ ನಮ್ಮ ಕಡೆ ನೋಡಿದವು. ನಮ್ಮ ಜೊತೆ ಬಂದಿದ್ದ ಉರ್ದು ಶಾಲೆಯ ಹುಡುಗರು ತಲೆ ತಗ್ಗಿಸಿದರು. ಅವರೇನು ತಪ್ಪು ಮಾಡಿದ್ದರು? ಹಕ್ಕಿಗಳ ಬಗ್ಗೆ ಕೇಳಲು ಬಂದಿದ್ದರು, ಅಷ್ಟೇ.

1998ರಲ್ಲಿ ಜೋಧಪುರದ ಬಳಿ ನಡೆದ ಆ ಬೇಟೆಯ ಪ್ರಕರಣದಲ್ಲಿ 2018ರಲ್ಲಿ ನ್ಯಾಯಾಲಯ ನಟನಿಗೆ ಐದು ವರ್ಷಗಳ ಶಿಕ್ಷೆ ವಿಧಿಸಿತು. ಅವರು ಜಾಮೀನು ಪಡೆದು ಮೇಲ್ಮನವಿಗೆ ಹೋದರು. ಕಾನೂನು ತನ್ನ ದಾರಿ ಹಿಡಿಯಲಿ. ಚಿಗರಿಯ ಪರ ನಿಂತ ಬಿಷ್ಣೋಯಿ ಜನರ ಛಲಕ್ಕೆ ನಮ್ಮ ಗೌರವವಿದೆ. ಆದರೆ ಒಬ್ಬ ಸಿರಿವಂತ ನಟನ ಅಪರಾಧ ಹಾವೇರಿಯ ಉರ್ದು ಶಾಲೆಯ ಹುಡುಗನ ತಲೆಗೆ ಹೇಗೆ ಬಂತು? ಕೊರಿಯಾ ಸಂಸ್ಥಾನದ ಮಹಾರಾಜರು 1947ರ ಸುಮಾರಿಗೆ ದೇಶದ ಕೊನೆಯ ಮೂರು ಚೀತಾಗಳನ್ನು ಗುಂಡಿಟ್ಟು ಕೊಂದರೆಂದು ವನ್ಯಜೀವಿ ಚರಿತ್ರೆಯ ಪುಸ್ತಕಗಳೆಲ್ಲ ಹೇಳುತ್ತವೆ. ಆ ಮಹಾರಾಜರ ಜಾತಿ ಧರ್ಮದವರನ್ನು ಹಿಂತಿರುಗಿ ನೋಡಿ ಯಾರೂ ನಕ್ಕಿದ್ದಿಲ್ಲ, ನಗಲೂ ಬಾರದು. ಬೇಟೆಗೆ ಧರ್ಮವಿಲ್ಲ. ಬಂದೂಕು, ಅಧಿಕಾರ, ಸೊಕ್ಕು ಇದ್ದಲ್ಲೆಲ್ಲ ಬೇಟೆ ಇತ್ತು.

ಆ ಭಾಷಣದಲ್ಲಿ ಇನ್ನೊಂದು ಹೆಸರು ಬರಬೇಕಾಗಿತ್ತು, ಬರಲಿಲ್ಲ. ಸಲೀಂ ಅಲಿ. 1896ರಲ್ಲಿ ಮುಂಬಯಿಯ ಸುಲೈಮಾನಿ ಬೋಹ್ರಾ ಕುಟುಂಬದಲ್ಲಿ ಹುಟ್ಟಿ 1987ರಲ್ಲಿ ತೀರಿಕೊಂಡ ಈ ಮನುಷ್ಯ ಭಾರತಕ್ಕೆ ಹಕ್ಕಿ ನೋಡುವುದನ್ನು ಕಲಿಸಿದರು. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರು ಮೈಸೂರು ಅರಸರ ಮನವೊಲಿಸಿದ್ದರಿಂದ. ನವಿಲು 1963ರಲ್ಲಿ ರಾಷ್ಟ್ರಪಕ್ಷಿಯಾಗುವ ಮೊದಲು, ಆ ಗೌರವ ಎರೆಭೂತಕ್ಕೆ ಸಲ್ಲಬೇಕೆಂದು ವಾದಿಸಿದವರೂ ಅವರೇ. ನವಿಲಿಗಾದರೋ ಯಾರ ಹಂಗೂ ಬೇಕಿಲ್ಲ, ಅಳಿವಿನಂಚಿನ ಎರೆಭೂತಕ್ಕೆ ಪಟ್ಟ ಕಟ್ಟಿದರೆ ಅದು ಉಳಿದೀತು ಎಂಬ ಲೆಕ್ಕಾಚಾರ. ಅವರ ಮಾತು ನಡೆಯಲಿಲ್ಲ. ನಡೆದಿದ್ದರೆ ರಾಣೆಬೆನ್ನೂರಿನ ಬಯಲಿಗೆ ರಾಷ್ಟ್ರಪಕ್ಷಿಯ ನೆಲೆಯೆಂಬ ಕಾವಲು ಸಿಗುತ್ತಿತ್ತು. ಅಲ್ಲಿ ನೀಲಗಿರಿ ನೆಡಲು ಕೈ ಸ್ವಲ್ಪವಾದರೂ ನಡುಗುತ್ತಿತ್ತು. ರಾಣೆಬೆನ್ನೂರಿನಲ್ಲಿ ವನ್ಯಜೀವಿಗಳ ಬಗ್ಗೆ ಮಾತಾಡುವವರಿಗೆ ಇದಕ್ಕಿಂತ ದೊಡ್ಡ ಕತೆ ಎಲ್ಲಿ ಸಿಗುತ್ತದೆ? ಆದರೆ ಚಿಗರಿಯ ಜೊತೆ ಅವರಿಗೆ ನೆನಪಾದ ಮುಸ್ಲಿಂ ಹೆಸರು ಸಲೀಂ ಅಲ್ಲ, ಸಲ್ಮಾನ್.

ಸಲೀಂ ಅಲಿಯವರ ಬದುಕಿನಲ್ಲೇ ಇನ್ನೊಂದು ಪಾಠವಿದೆ. ಚಿಕ್ಕ ಹುಡುಗನಾಗಿದ್ದಾಗ ಅವರು ಆಟಿಕೆಯಂಥ ಗಾಳಿಬಂದೂಕಿನಿಂದ ಒಂದು ಗುಬ್ಬಚ್ಚಿಯನ್ನು ಹೊಡೆದರು. ಅದರ ಕತ್ತಿನ ಮೇಲೆ ಹಳದಿ ಗುರುತಿತ್ತು. ಇದು ಯಾವ ಗುಬ್ಬಿ ಎಂಬ ಪ್ರಶ್ನೆ ಹಿಡಿದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲಾರ್ಡ್ ಎಂಬ ಅಧಿಕಾರಿಯ ಬಳಿ ಹೋದರು. ಆತ ಬೈಯಲಿಲ್ಲ. ಕಪಾಟುಗಳನ್ನು ತೆರೆದು ಸಂಗ್ರಹದ ಹಕ್ಕಿಗಳನ್ನೆಲ್ಲ ತೋರಿಸಿದ. ಅಲ್ಲಿಂದ ಒಂದು ಮಹಾ ಬದುಕು ಶುರುವಾಯಿತು. 1985ರಲ್ಲಿ ಬಂದ ತಮ್ಮ ಆತ್ಮಕತೆಗೆ ಅವರು ಆ ಗುಬ್ಬಿಯ ಹೆಸರನ್ನೇ ಇಟ್ಟರು.

ಈಗ ನಮ್ಮ ಕಡೆಯ ಇನ್ನೊಬ್ಬ ಹುಡುಗನನ್ನು ನೋಡೋಣ. ಧಾರವಾಡ, ಹಾವೇರಿ, ಗದಗ ಜಿಲ್ಲೆಗಳಲ್ಲಿ ಹರಣಶಿಕಾರಿ ಎಂಬ ಜನರಿದ್ದಾರೆ. ಹೆಸರೇ ಹೇಳುವಂತೆ ಜಿಂಕೆ, ಚಿಗರಿ, ಹಕ್ಕಿ ಹಿಡಿದು ಬದುಕಿದವರು. ಬ್ರಿಟಿಷರು 1871ರ ಕಾಯ್ದೆಯ ಮೂಲಕ ಇಂಥ ಅಲೆಮಾರಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆದರು. ಬೇಲಿ ಹಾಕಿ ಕೂಡಿಟ್ಟರು. ಹುಬ್ಬಳ್ಳಿಯ ಸೆಟ್ಲಮೆಂಟ್ ಎಂಬ ಬಡಾವಣೆಯ ಹೆಸರು ಇಂದಿಗೂ ಅದನ್ನು ನೆನಪಿಸುತ್ತದೆ. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಇಪ್ಪತ್ತು ವರ್ಷಗಳ ನಂತರ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕಾಯ್ದೆ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಚಿಗರಿ ಅದರ ಮೊದಲ ಅನುಸೂಚಿಯಲ್ಲಿದೆ, ಕೊಂದವರಿಗೆ 3ರಿಂದ 7 ವರ್ಷ ಜೈಲು. ಆದರೆ ಬೇಟೆ ಬಿಟ್ಟವನಿಗೆ ಬೇರೆ ಹೊಟ್ಟೆಪಾಡು ಏನು ಎಂದು ಕಾಯ್ದೆ ಕೇಳಲಿಲ್ಲ. ಭೂಮಿ ಇಲ್ಲ, ಓದಿಲ್ಲ, ಪೊಲೀಸರ ಕಡತದಲ್ಲಿ ಹೆಸರು ಮಾತ್ರ ಇದೆ. ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆ, ಚಿಗರಿಯ ಹಿಂಡು ಯಾವ ಹೊತ್ತಿಗೆ ಎಲ್ಲಿ ಇಳಿಯುತ್ತದೆ ಎಂಬ ಅವರ ತಿಳಿವಳಿಕೆಗೆ ಯಾವ ವಿಶ್ವವಿದ್ಯಾಲಯದ ತಿಳಿವಳಿಕೆಯೂ ಸಾಟಿಯಲ್ಲ. ಸಿರಿವಂತ ಮನೆಯ ಹುಡುಗ ಗುಬ್ಬಿ ಹೊಡೆದರೆ ಅದು ಆತ್ಮಕತೆಯ ಮೊದಲ ಅಧ್ಯಾಯ. ಹರಣಶಿಕಾರಿ ಹುಡುಗ ಕವುಜುಗಕ್ಕೆ ಬಲೆ ಹಾಕಿದರೆ ಅದು ಎಫ್‌ಐಆರ್. ನಾವು ಬೇಟೆಗೆ ಪರವಾನಗಿ ಕೇಳುತ್ತಿಲ್ಲ. ಆ ಹುಡುಗನಿಗೂ ಒಬ್ಬ ಮಿಲಾರ್ಡ್ ಬೇಕು ಎನ್ನುತ್ತಿದ್ದೇವೆ. ವನ್ಯಜೀವಿ ಇಲಾಖೆಯಲ್ಲಿ ಆತನಿಗೊಂದು ಕೆಲಸ, ಸಭೆಯಲ್ಲಿ ಒಂದು ಕುರ್ಚಿ, ವೇದಿಕೆಯ ಮೇಲೆ ಹತ್ತು ನಿಮಿಷ.

ಸಲೀಂ ಅಲಿಯವರನ್ನು ನಾವು ಹೊಗಳಿದ್ದು ಅವರು ನಮ್ಮವರು ಎಂದಲ್ಲ. ಅವರ ಪಕ್ಷದ ತಪ್ಪನ್ನೂ ಹೇಳಬೇಕು. ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ ಎಮ್ಮೆ ದನ ಮೇಯಿಸುವುದನ್ನು 1982ರಲ್ಲಿ ನಿಷೇಧಿಸಲಾಯಿತು. ಸಲೀಂ ಅಲಿ ಮತ್ತು ಅವರ ಸಂಸ್ಥೆಯ ಸಲಹೆಯೂ ಆ ಕಡೆಗೇ ಇತ್ತು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಗೋಲಿಬಾರ್ ಆಗಿ ಹಲವರು ಸತ್ತರು. ಮುಂದೆ ಅದೇ ಸಂಸ್ಥೆ ವರ್ಷಗಟ್ಟಲೆ ಅಧ್ಯಯನ ನಡೆಸಿದಾಗ ತಿಳಿದದ್ದೇನು? ಎಮ್ಮೆಗಳು ಹೋದ ಮೇಲೆ ಹುಲ್ಲು ಬೆಳೆದು ನೀರನ್ನೆಲ್ಲ ಮುಚ್ಚಿತು, ನೀರುಹಕ್ಕಿಗಳಿಗೇ ತೊಂದರೆಯಾಯಿತು. ಎಮ್ಮೆ ಕಾಯುವವನಿಗೆ ಗೊತ್ತಿದ್ದದ್ದು ವಿಜ್ಞಾನಿಗೆ ತಿಳಿಯಲು ಹತ್ತು ವರ್ಷ ಬೇಕಾಯಿತು. ನಡುವೆ ಜೀವಗಳು ಹೋದವು. ತಮ್ಮ ಅಧ್ಯಯನ ತಮ್ಮದೇ ಸಲಹೆಗೆ ವಿರುದ್ಧವಾಗಿ ಬಂದರೂ ಅದನ್ನು ಪ್ರಕಟಿಸಿದ್ದು ಆ ವಿಜ್ಞಾನಿಗಳ ದೊಡ್ಡತನ. ಆ ದೊಡ್ಡತನ ವೇದಿಕೆಗಳಿಗೆ ಇನ್ನೂ ಬಂದಿಲ್ಲ.

ನಮ್ಮ ಜಿಲ್ಲೆಯ ಕುರಿಗಾರರನ್ನೂ ಹೀಗೇ ನೋಡಬೇಕು. ಹಿಂಡು ಹೊಡೆದುಕೊಂಡು ಊರೂರು ತಿರುಗುವ ಕುರುಬರು ತೋಳದ ಜೊತೆ ತಲೆಮಾರುಗಳಿಂದ ಬದುಕಿದವರು. ವರ್ಷಕ್ಕೆ ಕೆಲವು ಮರಿಗಳು ತೋಳದ ಪಾಲು ಎಂದು ಒಪ್ಪಿಕೊಂಡವರು. ಹುಲ್ಲುಗಾವಲಿಗೆ ಬೇಲಿ ಬಿದ್ದಾಗ ಮೊದಲು ಹೊರಗಾಗುವವರು ಅವರೇ. ಚಿಗರಿಗೂ ಕುರಿಗೂ ಬೇಕಾದದ್ದು ಒಂದೇ ಹುಲ್ಲು. ಅದು ನೀಲಗಿರಿಯ ಕೆಳಗೆ ಇಲ್ಲ. ಆದರೆ ಭಾಷಣಗಳಲ್ಲಿ ಕುರಿ ಚಿಗರಿಯ ಶತ್ರು, ನೀಲಗಿರಿ ಅರಣ್ಯ.

ಕೆಲವರು ಕೇಳಬಹುದು: ಒಬ್ಬ ಒಳ್ಳೆಯ ಮನುಷ್ಯ ಬಂದು ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಹೇಳಿದರೆ ಇಷ್ಟೊಂದು ಸಿಟ್ಟೇಕೆ? ಎರಡು ತಾಸಿನಲ್ಲಿ ಎಲ್ಲವನ್ನೂ ಹೇಳಲು ಸಾಧ್ಯವೇ? ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ಹೇಳಬೇಕಿಲ್ಲ. ಆದರೆ ವೇದಿಕೆಯ ಮಾತು ವೇದಿಕೆಯಲ್ಲೇ ಉಳಿಯುವುದಿಲ್ಲ. ಅಂದು ಮೊದಲ ಸಾಲಿನಲ್ಲಿ ಅಧಿಕಾರಿಗಳಿದ್ದರು, ಪತ್ರಕರ್ತರಿದ್ದರು, ನಾಳೆ ಅಧಿಕಾರಿಗಳಾಗುವ ವಿದ್ಯಾರ್ಥಿಗಳಿದ್ದರು. ಪರಿಸರವೆಂದರೆ ಸಸಿ, ಅಪರಾಧಿಯೆಂದರೆ ರೈತ, ಬೇಟೆಗಾರನೆಂದರೆ ಸಾಬರು ಎಂಬ ಮೂರು ಪಾಠಗಳನ್ನು ಅವರು ನಗುನಗುತ್ತ ಮನೆಗೆ ಒಯ್ದರು. ಇದೇ ಪಾಠ ನಾಳೆ ಆದೇಶವಾಗುತ್ತದೆ, ಪತ್ರಿಕೆಯ ತಲೆಬರಹವಾಗುತ್ತದೆ, ಚೆಕ್‌ಪೋಸ್ಟಿನಲ್ಲಿ ಯಾರ ಚೀಲ ಬಿಚ್ಚಿ ನೋಡಬೇಕೆಂಬ ತೀರ್ಮಾನವಾಗುತ್ತದೆ.

ಇನ್ನು ಕೆಲವರು ಹೇಳಬಹುದು: ಹಾಗಾದರೆ ಅಭಯಾರಣ್ಯದ ಮರವೆಲ್ಲ ಕಡಿಯಬೇಕೇ? ಒಂದೇ ದಿನ ಕಡಿಯಿರಿ ಎಂದು ಯಾರೂ ಹೇಳುತ್ತಿಲ್ಲ. ಆ ಮರಗಳ ನಡುವೆಯೂ ಈಗ ನವಿಲು, ನರಿ, ತೋಳ ಸೇರಿಕೊಂಡಿವೆ. ಹಂತಹಂತವಾಗಿ, ತಿಳಿದವರ ಸಲಹೆ ಪಡೆದು, ಸುತ್ತಲಿನ ಊರುಗಳ ಒಪ್ಪಿಗೆಯಿಂದ ನೀಲಗಿರಿ ತೆಗೆದು ಹುಲ್ಲನ್ನು ಮರಳಿ ತರುವುದು ಸಾಧ್ಯ. ಹುಲ್ಲು ಅಭಯಾರಣ್ಯದೊಳಗೆ ಸಿಕ್ಕರೆ ಚಿಗರಿ ಹೊಲಕ್ಕೆ ಬರುವುದು ಕಡಿಮೆಯಾದೀತು. ಬಂದು ಮೇದದ್ದಕ್ಕೆ ಪರಿಹಾರ, ರೈತ ಕಚೇರಿಗೆ ಹತ್ತು ಸಲ ಅಲೆಯದ ಹಾಗೆ, ಮರುಬಿತ್ತನೆಯ ಹದ ತಪ್ಪುವ ಮೊದಲೇ ಕೈಸೇರಬೇಕು. ಹೆಸರಿನ ಬೆಳೆ ಹೋದದ್ದಕ್ಕೆ ಸುಗ್ಗಿ ಮುಗಿದ ಮೇಲೆ ಬರುವ ದುಡ್ಡು ಪರಿಹಾರವಲ್ಲ.

ಬೇರೆಯವರಿಗೆ ಬುದ್ಧಿ ಹೇಳಿ ನಮ್ಮ ಅಂಗಳ ಮರೆತರೆ ಅದೂ ಅನ್ಯಾಯ. ಮೂರು ಊರುಗಳ ಆ ಸಭೆಗಳಲ್ಲಿ ನಮ್ಮ ಸಮುದಾಯದವರು ಎಷ್ಟು ಮಂದಿ ಇದ್ದರು? ಬೆರಳೆಣಿಕೆ. ಹಕ್ಕಿ, ಗಿಡ, ಕೆರೆ ಇವೆಲ್ಲ ನಮ್ಮ ವಿಷಯವಲ್ಲ ಎಂದು ನಾವೇ ದೂರ ನಿಂತಿದ್ದೇವೆ. ಸಲೀಂ ಅಲಿಯವರ ಹೆಸರನ್ನು ನಮ್ಮ ಮಕ್ಕಳಿಗೆ ನಾವೂ ಹೇಳಿಲ್ಲ. ನಮ್ಮ ಓಣಿಗಳ ಮನೆಗಳ ಮುಂದೆ ಪಂಜರಗಳು ಇನ್ನೂ ತೂಗುತ್ತಿವೆ. ಗಿಳಿ, ಮುನಿಯಾ, ಕವುಜುಗ ಸಾಕುವುದನ್ನು ಶೋಕಿ ಎಂದುಕೊಂಡಿದ್ದೇವೆ. ನಮ್ಮ ನಾಡಿನ ಕಾಡುಹಕ್ಕಿಯನ್ನು ಹಿಡಿದು ಪಂಜರದಲ್ಲಿಡುವುದು ಅಪರಾಧವೆಂದು 1972ರ ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳದಿದ್ದರೂ ಅದು ಕ್ರೌರ್ಯವೇ. ಇದನ್ನು ಮಾಡುವವರು ನಾವು ಮಾತ್ರ ಅಲ್ಲ ಎಂಬುದು ಸಬೂಬಾಗಲಾರದು. ಸಭೆಯಲ್ಲಿ ನಮ್ಮನ್ನು ತಿರುಗಿ ನೋಡಿದವರಿಗೆ ತಲೆಯೆತ್ತಿ ಉತ್ತರ ಕೊಡಬೇಕಾದರೆ ಮೊದಲು ಆ ಪಂಜರಗಳು ಇಳಿಯಬೇಕು.

ವೇದಿಕೆಯ ಭಾಷಣ ಹೇಗಿರಬೇಕು ಎಂಬುದಕ್ಕೂ ದೂರ ಹೋಗಬೇಕಿಲ್ಲ. ಇದೇ ಜಿಲ್ಲೆಯ ಬಂಕಾಪುರದ ಕೋಟೆಯನ್ನು 2006ರಲ್ಲಿ ನವಿಲುಗಳ ಸಂರಕ್ಷಣಾ ಪ್ರದೇಶವೆಂದು ಘೋಷಿಸಿದರು. ಆ ಕೋಟೆಯಲ್ಲಿ ನಗರೇಶ್ವರ ದೇವಾಲಯವಿದೆ, ಆದಿಲ್‌ಶಾಹಿ ಕಾಲದ ನೆನಪುಗಳಿವೆ, ಖಿಲಾರಿ ತಳಿಯ ದನಗಳ ಸಂವರ್ಧನಾ ಕೇಂದ್ರವಿದೆ. ದನಕ್ಕೆ ಬೆಳೆದ ಮೇವಿನ ನೆರಳಲ್ಲಿ ನವಿಲು ಬದುಕುತ್ತಿದೆ. ಕೋಟೆ ಕಟ್ಟಿದವರು ಯಾರು, ಗೆದ್ದವರು ಯಾರು ಎಂದು ನವಿಲು ಕೇಳುವುದಿಲ್ಲ. ಮನುಷ್ಯ, ದನ, ಹಕ್ಕಿ ಒಂದೇ ಗೋಡೆಯೊಳಗೆ ಇರಬಹುದು ಎಂಬುದಕ್ಕೆ ಹಾವೇರಿಯ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಚಿತ್ರ ಯಾವುದಿದೆ?

ಮುಂದಿನ ವರ್ಷ ಮತ್ತೆ ಸಪ್ತಾಹ ಬರುತ್ತದೆ, ಮತ್ತೆ ಭಾಷಣಕಾರರು ಬರುತ್ತಾರೆ. ಬರಲಿ. ಸಂಘಟಕರಲ್ಲಿ ನಮ್ಮದು ಮೂರೇ ಬೇಡಿಕೆ. ಪ್ರಕೃತಿತಜ್ಞರು ಭಾಷಣದ ಹಿಂದಿನ ದಿನವೇ ಬಂದು ರಾಣೆಬೆನ್ನೂರಿನ ಹೊಲವೊಂದರಲ್ಲಿ ಒಂದು ರಾತ್ರಿ ಬೆಳೆ ಕಾಯಲಿ. ವೇದಿಕೆಯ ಮೇಲೆ ಅವರ ಪಕ್ಕದ ಕುರ್ಚಿಗಳಲ್ಲಿ ಒಬ್ಬ ರೈತ, ಒಬ್ಬ ಕುರಿಗಾರ, ಒಬ್ಬ ಹರಣಶಿಕಾರಿ ಕೂಡಲಿ. ಉದ್ಘಾಟನೆಗೆ ಸಸಿಯ ಬದಲು ಒಂದು ಹಿಡಿ ಹುಲ್ಲಿನ ಬೀಜ ತರಲಿ.

ಪ್ರಶ್ನೋತ್ತರದ ಹೊತ್ತಿಗೆ ಬ್ಯಾಡಗಿಯ ಆ ರೈತ ಮತ್ತೆ ಎದ್ದು ನಿಂತು ಅದೇ ಪ್ರಶ್ನೆ ಕೇಳಿದರೆ, ಈ ಸಲ ಅವನ ಮಾತು ಪೂರ್ತಿ ಮುಗಿಯುವವರೆಗೆ ಯಾರೂ ಚಪ್ಪಾಳೆ ತಟ್ಟದಿರಲಿ.